ತೀರ್ಥಹಳ್ಳಿ ಕಡೆಯ ಪಂಪ್‌ಸೆಟ್ ಕೆಲಸಕ್ಕೆ ಕಾರಾ, ವ್ಯಾನಾ? ಆರು ವರ್ಷ, 92 ಸಾವಿರ ಕಿ.ಮೀ. ಓಡಿಸಿದ ಮೇಲೆ

ಪಂಪ್‌ಸೆಟ್, ಪ್ಲಂಬಿಂಗ್, ವೈರಿಂಗ್ ನನ್ನ ಕಸುಬು. ಮೊದಲ ನಾಲ್ಕು ವರ್ಷ ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿನಲ್ಲಿ ಸಾಮಾನು ತುಂಬಿಕೊಂಡು ಓಡಾಡಿದೆ. ಆಮೇಲೆ ಅದನ್ನು ಮಾರಿ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ, ಎರಡೇ ಸೀಟಿನ ಕಾರ್ಗೋ ವ್ಯಾನ್ ತಗೊಂಡೆ. ಮಾರುತಿಯ ಓಮ್ನಿ ವ್ಯಾನಿನ ತಯಾರಿ 2019ರಲ್ಲೇ ನಿಂತರೂ ನಮ್ಮ ಕಡೆ ಇಂಥ ಗಾಡಿಗೆಲ್ಲ ಓಮ್ನಿ ಅಂತಲೇ ಹೆಸರು. ಹೊಸದಾಗಿ ಕೆಲಸಕ್ಕಿಳಿಯುವ ಹುಡುಗರು “ಅಣ್ಣ, ಕಾರ್ ತಗೊಳ್ಲಾ, ಓಮ್ನಿ ತಗೊಳ್ಲಾ?” ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿ ಯಾವುದಾದರೂ ಈ ಮಾತು ಬದಲಾಗುವುದಿಲ್ಲ.

ವ್ಯಾನ್ ತಗೊಂಡರೆ ಪೈಪೆಲ್ಲ ಒಳಗೆ ಹಿಡಿಯುತ್ತದೆ ಅಂದುಕೊಳ್ಳಬೇಡಿ. 20 ಅಡಿಯ ಪಿವಿಸಿ ಪೈಪ್ ಕಾರಿನಲ್ಲೂ ಹಿಡಿಯದು, ಇದರಲ್ಲೂ ಹಿಡಿಯದು. ಬೋರ್‌ವೆಲ್ ಮೋಟರಿಗೆ ಜೋಡಿಸಿ ಇಳಿಸುವ 10 ಅಡಿಯ ಕಾಲಂ ಪೈಪ್ ಕೂಡ ನನ್ನ ಗಾಡಿಯಲ್ಲಿ ಮೇಲಿನ ಕ್ಯಾರಿಯರ್‌ಗೇ ಹೋಗುತ್ತದೆ. ಹಾಗೆ ನೋಡಿದರೆ ಒಂದು ಮೋಟರ್, ಒಂದು ಸ್ಟಾರ್ಟರ್, ಟೂಲ್ ಬಾಕ್ಸ್ ಕಾರಿನ ಡಿಕ್ಕಿಯಲ್ಲೇ ಆರಾಮಾಗಿ ಕೂರುತ್ತವೆ.

ನನಗೆ ಕಾರು ಸಾಕಾಗದೆ ಹೋದದ್ದು ಬೇರೆ ಕಾರಣಕ್ಕೆ. ಒಂದು ಆರಿದ್ರಾ ಮಳೆಯಲ್ಲಿ ಆಗುಂಬೆ ಹತ್ತಿರದ ಒಂದು ಮನೆಗೆ ಅಬ್ಬಿ ನೀರಿನ ಲೈನ್ ಸರಿಮಾಡಲು ಹೋಗಿದ್ದೆ. ಗುಡ್ಡದ ಮೇಲಿಂದ ಎಚ್‌ಡಿಪಿಇ (ಕಪ್ಪು ಪ್ಲಾಸ್ಟಿಕ್) ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಬಿಚ್ಚಿ ನೋಡಿದರೆ ಒಡೆದಿದ್ದದ್ದು ಒಂದೂಕಾಲು ಇಂಚಿನ ಜೋಡಣೆ. ನನ್ನ ಡಿಕ್ಕಿಯಲ್ಲಿ ಇದ್ದದ್ದು ಒಂದಿಂಚಿನದು ಮಾತ್ರ. ತೀರ್ಥಹಳ್ಳಿ ಪೇಟೆಗೆ ಹೋಗಿ ಬರಲು ಸುಮಾರು 60 ಕಿ.ಮೀ. ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು, ಆ ಮನೆಯ ಅಮ್ಮ ಹಂಡೆಗೆ ಬಾವಿಯಿಂದ ಸೇದಿ ಹಾಕುತ್ತಿದ್ದರು. ವಯಸ್ಸಾದವರು. ಅವರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಆ ದಿನ ನನಗಾದ ಸಂಕಟ ಇನ್ನೂ ಮರೆತಿಲ್ಲ.

ಪೇಟೆಯಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ಹಾರ್ಡ್‌ವೇರ್ ಅಂಗಡಿ ತಿರುವಿನಲ್ಲೇ ಸಿಗುತ್ತದೆ. ಇಲ್ಲಿ ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಆಚೆ ಹಳ್ಳದ ಪಕ್ಕ. ಹಾಗಾಗಿ ಗಾಡಿಯೇ ಅಂಗಡಿ ಆಗಬೇಕು. ಒಂದಿಂಚಿನ ಚೌಕ ಪೈಪಿನಲ್ಲಿ ಮೂರು ಹಂತದ ರ‍್ಯಾಕ್ ಮಾಡಿಸಿ ನೆಲಕ್ಕೆ ಬೋಲ್ಟ್ ಹಾಕಿಸಿದೆ. ಎಲ್ಬೋ, ಟೀ, ಯೂನಿಯನ್, ಬಾಲ್ ವಾಲ್ವ್ ಅಳತೆವಾರು ಡಬ್ಬದಲ್ಲಿವೆ. ಕೆಪಾಸಿಟರ್, ಫ್ಯೂಸ್, ಎರಡು ಸ್ಟಾರ್ಟರ್, ಔಷಧಿ ಹೊಡೆಯುವ ಪಂಪಿನ ವಾಷರ್ ಸೆಟ್ಟು, ಒಂದು ಸುತ್ತು ಕೇಬಲ್, ಚೈನ್ ಪುಲ್ಲಿ ಎಲ್ಲ ಕಾಯಂ ಒಳಗೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಪಂಪ್ ಕೆಟ್ಟರೆ ತೋಟದವರಿಗೆ ಅರ್ಧ ದಿನವೂ ದೊಡ್ಡದು. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲೇ ಹೊಡೆದು ಮುಗಿಯಬೇಕು. ಕಾರಿದ್ದಾಗ ವಾರಕ್ಕೆ ಎರಡು ಮೂರು ಸಲ ಸಾಮಾನಿಗೆಂದು ವಾಪಸ್ ಬರುತ್ತಿದ್ದೆ. ಈಗ ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಪೆಟ್ರೋಲ್ ಲೆಕ್ಕ: ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು, ವ್ಯಾನ್ 13.5. ತಿಂಗಳಿಗೆ ಸುಮಾರು 1,280 ಕಿ.ಮೀ. ಓಟಕ್ಕೆ 24 ಲೀಟರ್ ಜಾಸ್ತಿ, ಅಂದರೆ 2,400 ರೂಪಾಯಿಯ ಮೇಲೆ. ತಪ್ಪಿದ ಓಡಾಟದಲ್ಲಿ ಅದು ವಾಪಸ್ ಬಂದಿದೆ.

ಇನ್ನು ಚಡಾವು, ಅಂದರೆ ಏರು ದಾರಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವ್ಯಾನಿಗೆ ಹಿಂದಿನ ಗಾಲಿಯ ಎಳೆತ, ಸಣ್ಣ ಕಾರಿಗೆ ಮುಂದಿನದು. ಕಾರಿನ ಡಿಕ್ಕಿ ತುಂಬಿ ಹಾವಸೆ ಕಟ್ಟಿದ ಜಂಬಿಟ್ಟಿಗೆ ದಾರಿ ಏರಿದರೆ ಭಾರವೆಲ್ಲ ಹಿಂದೆ ಸರಿದು ಮುಂದಿನ ಗಾಲಿ ಸುಮ್ಮನೆ ತಿರುಗುತ್ತದೆ. ತುಂಬಿದ ವ್ಯಾನಿಗೆ ಅದೇ ಭಾರ ಹಿಡಿತ ಕೊಡುತ್ತದೆ. ಖಾಲಿ ವ್ಯಾನ್ ಮಾತ್ರ ಅಪಾಯ: ಹಿಂಬದಿ ಹಗುರಾಗಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಜಾರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಖಾಲಿ ಗಾಡಿಯಲ್ಲಿ ಇಳಿಯುವುದಾದರೆ ಗೇರಿನಲ್ಲೇ ಇಳಿಯಿರಿ, ದಯವಿಟ್ಟು.

ಕೊರತೆ ಹೇಳದಿದ್ದರೆ ಮೋಸವಾಗುತ್ತದೆ. ಎಂಜಿನ್ ಸೀಟಿನ ಕೆಳಗಿದೆ, ಏಪ್ರಿಲ್‌ನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದರೆ ತೊಡೆ ಸುಡುತ್ತದೆ. ಸ್ಲೈಡಿಂಗ್ ಬಾಗಿಲು ದಣಪೆ (ತೋಟದ ಬೇಲಿಯ ಗೇಟು) ಪಕ್ಕದ ಇಕ್ಕಟ್ಟಿನಲ್ಲಿ ವರ. ಆದರೆ ಹಳಿಗೆ ಕೆಸರು ಕೂತರೆ ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ರಷ್ ಹಾಕಬೇಕು. ಎಲ್ಲಕ್ಕಿಂತ ದೊಡ್ಡದು ತುಕ್ಕು. ಒದ್ದೆ ಹಗ್ಗ, ರೈನ್‌ಕೋಟು ರಬ್ಬರ್ ಮ್ಯಾಟ್ ಮೇಲೆ ಹಾಕಿದ್ದರಿಂದ ನೀರು ಅಡಿಗೆ ಇಳಿದು ಎರಡನೇ ವರ್ಷವೇ ನೆಲದ ತಗಡು ತೂತಾಯಿತು. ವೆಲ್ಡ್ ಮಾಡಿಸಿ, ಮ್ಯಾಟ್ ಕಿತ್ತೆಸೆದು, ಮರದ ಪಟ್ಟಿ ಮೇಲೆ ಮರೀನ್ ಪ್ಲೈವುಡ್ ಹಾಸಿದೆ. ಈಗ ಅಡಿಯಲ್ಲಿ ಗಾಳಿ ಆಡುತ್ತದೆ, ಮತ್ತೆ ತುಕ್ಕು ಬಂದಿಲ್ಲ.

ಕಾಗದಪತ್ರದ ವಿಷಯ ಮೊದಲೇ ತಿಳಿದುಕೊಳ್ಳಿ. ಕಾರ್ಗೋ ಮಾಡೆಲ್‌ಗೆ ಹಳದಿ ಬೋರ್ಡ್. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಇದನ್ನು ಓಡಿಸಲು ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲೂ ಹೇಳಿದೆ. ಐದು ಸೀಟಿನದನ್ನು ತಗೊಂಡು ಸೀಟು ಕಿತ್ತು ಸಾಮಾನು ತುಂಬುವ ಉಪಾಯ ಬೇಡ. ಖಾಸಗಿ ಕಾರಿನ ಪಾಲಿಸಿಯಲ್ಲಿ ಸ್ವಂತ ಲಗೇಜ್, ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸಿದರೆ ವಿಮೆ ಇಲ್ಲ ಅಂತ ಬರೆದಿರುತ್ತದೆ. ನನ್ನ ಕಾರು ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿದಾಗ ಒಳಗೆ ಗಿರಾಕಿಯ ಎರಡು ಮೋಟರ್ ಇದ್ದವು, ಕ್ಲೇಮ್ ಸಿಗಲಿಲ್ಲ. ಆ ಸಾಲನ್ನು ನಾನು ಓದಿದ್ದೇ ಅವತ್ತು. ಜಿಎಸ್‌ಟಿ ರಿಜಿಸ್ಟರ್ ಇದ್ದು ಕಾಂಪೋಸಿಷನ್ ಸ್ಕೀಮ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಇಲ್ಲದವರಿಗೆ ಸರಕು ವ್ಯಾನಿನ ಮೇಲೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳುವ ಅವಕಾಶ) ಸಿಗುತ್ತದೆ, ಕಾರಿಗೆ ಸಿಗುವುದಿಲ್ಲ.

ಪೇಟೆಯೊಳಗೆ ಬರೀ ವೈರಿಂಗ್ ಮಾಡುವವರಿಗೆ, ಮನೆಯಲ್ಲಿ ಬೇರೆ ಗಾಡಿ ಇಲ್ಲದವರಿಗೆ ನಾನು ಕಾರೇ ತಗೊಳ್ಳಿ ಅನ್ನುತ್ತೇನೆ. ಎರಡು ಸೀಟಿನ ಗಾಡಿಯಿಂದ ನಮ್ಮ ಮನೆಯವರಿಗೆ ಕಷ್ಟವಾಗಿದೆ. ಅಪ್ಪನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವಾಗ ಪ್ರತಿ ಸಲ ತಮ್ಮನ ಕಾರು ಕೇಳಬೇಕಾಗುತ್ತದೆ, ಇಲ್ಲವೇ ನಾನು, ಅಪ್ಪ ವ್ಯಾನಿನಲ್ಲಿ, ಅಮ್ಮ ಹಿಂದಿನ ಬಸ್ಸಿನಲ್ಲಿ. ಈ ಅಡಿಕೆ ಸುಗ್ಗಿ ಕಳೆದ ಮೇಲೆ ಮನೆಗೆಂದು ಒಂದು ಹಳೇ ಕಾರು ನೋಡಬೇಕು. ವ್ಯಾನನ್ನು ಕೊಡುವುದಿಲ್ಲ.