ಡಾಫ್ಟ್ ಪಂಕ್‌ನ ‘ಹೋಮ್‌ವರ್ಕ್’ ಮತ್ತು ‘ಡಿಸ್ಕವರಿ’: ಮೊದಲು ಕೇಳಬೇಕೆ, ನೋಡಬೇಕೆ?

ಪ್ಯಾರಿಸ್ಸಿನ ತೋಮಾ ಬಂಗಾಲ್ತೇರ್ ಮತ್ತು ಗೀ-ಮಾನ್ಯುಯೆಲ್ ದ ಹೊಮೆಮ್-ಕ್ರಿಸ್ಟೊ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ 2021ರ ಫೆಬ್ರವರಿಯಲ್ಲಿ ಬೇರ್ಪಟ್ಟಿತು. ಆ ಸುದ್ದಿ ಬಂದ ಮೇಲೆ ನಾನು ಅವರ ಆಲ್ಬಮ್‌ಗಳನ್ನೂ ವಿಡಿಯೊಗಳನ್ನೂ ಮೊದಲಿನಿಂದ ಮತ್ತೆ ಹಿಡಿದು ಕುಳಿತೆ. ಹಾಗೆ ಕುಳಿತಾಗ ಒಂದು ಪ್ರಶ್ನೆ ಬಿಡದೆ ಕಾಡಿತು: ಈ ಸಂಗೀತಕ್ಕೆ ಚಿತ್ರ ಜೊತೆಯಾದಾಗ ಕೇಳ್ಮೆ ಬೆಳೆಯುತ್ತದೆಯೋ, ಕುಗ್ಗುತ್ತದೆಯೋ? ಹೋಲಿಸಲು ನಾನು ಆರಿಸಿಕೊಂಡದ್ದು 1997ರ ‘ಹೋಮ್‌ವರ್ಕ್’ ಮತ್ತು 2001ರ ‘ಡಿಸ್ಕವರಿ’. ಮೊದಲನೆಯದರ ಹಾಡುಗಳಿಗೆ ಬೇರೆ ಬೇರೆ ನಿರ್ದೇಶಕರು ಬಿಡಿಬಿಡಿಯಾದ ವಿಡಿಯೊಗಳನ್ನು ಮಾಡಿದರೆ, ಎರಡನೆಯದಕ್ಕೆ ಇಡೀ ಆಲ್ಬಮ್ಮೇ ಹಿನ್ನೆಲೆಯಾಗಿರುವ ಒಂದು ಪೂರ್ಣ ಅನಿಮೇಷನ್ ಚಿತ್ರವಿದೆ. 2013ರ ‘ರಾಂಡಮ್ ಆಕ್ಸೆಸ್ ಮೆಮೊರೀಸ್’ ನನಗೆ ಬಹಳ ಪ್ರಿಯವಾದರೂ ಅದು ಮುಖ್ಯವಾಗಿ ಕಿವಿಗೆ ಸೇರಿದ ಕೃತಿಯಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

‘ಹೋಮ್‌ವರ್ಕ್’ ಹೆಸರಿಗೆ ತಕ್ಕಂತೆ ಮನೆಯಲ್ಲಿ, ಬಹುಪಾಲು ಬಂಗಾಲ್ತೇರ್ ಅವರ ಮಲಗುವ ಕೋಣೆಯಲ್ಲಿ ರೂಪುಗೊಂಡ ಆಲ್ಬಮ್. ಹದಿನಾರು ಹಾಡುಗಳನ್ನು ಮೊದಲು ಬರಿಯ ಕಿವಿಯಿಂದ ಕೇಳಿದಾಗ ನಾನು ನಡುವಿನಲ್ಲೇ ದಣಿದೆ. ‘ಅರೌಂಡ್ ದ ವರ್ಲ್ಡ್’ ಹಾಡಿನಲ್ಲಿ ಸಾಹಿತ್ಯವೆಂದರೆ ಆ ಮೂರು ಪದಗಳಷ್ಟೇ. ಏಳು ನಿಮಿಷ ಅದನ್ನೇ ಕೇಳುತ್ತ ಕೂರುವುದಕ್ಕೆ ಏನು ಕಾರಣವಿದೆ ಎಂದು ಆಗ ನನಗೆ ತಿಳಿಯಲಿಲ್ಲ.

ತಿಳಿಸಿಕೊಟ್ಟದ್ದು ಮಿಶೆಲ್ ಗೊಂಡ್ರಿ ನಿರ್ದೇಶಿಸಿ, ಬ್ಲಾಂಕಾ ಲಿ ನೃತ್ಯ ಸಂಯೋಜಿಸಿದ ವಿಡಿಯೊ. ಗ್ರಾಮಫೋನ್ ತಟ್ಟೆಯನ್ನು ನೆನಪಿಸುವ ದುಂಡನೆಯ ವೇದಿಕೆ, ಅದರ ಮೇಲೆ ಐದು ತಂಡಗಳು. ಒಂದೊಂದು ತಂಡವೂ ಹಾಡಿನ ಒಂದೊಂದು ದನಿಯನ್ನು ಕುಣಿಯುತ್ತದೆ. ಸುತ್ತುತ್ತ ನಡೆಯುವ ರೋಬೊಗಳು ಆ ಮೂರು ಪದಗಳನ್ನು ಹಾಡುವ ಯಂತ್ರಕಂಠ, ಬಟ್ಟೆಪಟ್ಟಿ ಸುತ್ತಿಕೊಂಡ ಮಮ್ಮಿಗಳು ಡ್ರಮ್ ಯಂತ್ರ, ಅಸ್ಥಿಪಂಜರಗಳು ಗಿಟಾರ್, ಈಜುಗಾರ್ತಿಯರ ವೇಷದ ಹೆಂಗಸರು ಕೀಬೋರ್ಡ್. ಪುಟ್ಟ ತಲೆಯ ಎತ್ತರದ ಕ್ರೀಡಾಪಟುಗಳು ಬೇಸ್, ಅಂದರೆ ಮಂದ್ರದ ದನಿ. ಅದರ ಸ್ವರ ಏರಿದಾಗ ಅವರು ಮೆಟ್ಟಿಲು ಹತ್ತುತ್ತಾರೆ, ಇಳಿದಾಗ ಇಳಿಯುತ್ತಾರೆ. ನಾನು ಇದನ್ನು ಮೊದಲು ನೋಡಿದ್ದು ಮೊಬೈಲಿನಲ್ಲಿ, ಅದರ ಪುಟ್ಟ ಸ್ಪೀಕರ್‌ನಲ್ಲೇ ಕೇಳುತ್ತ. ಆ ಸ್ಪೀಕರ್‌ಗೆ ಮಂದ್ರದ ನಾದವನ್ನು ಹೊರಡಿಸುವ ಶಕ್ತಿ ಇರಲಿಲ್ಲವಾದ್ದರಿಂದ, ಕ್ರೀಡಾಪಟುಗಳು ಯಾವ ದನಿಗೂ ಸೇರದೆ ಸುಮ್ಮನೆ ಹತ್ತಿಳಿಯುತ್ತಿದ್ದಂತೆ ಕಂಡರು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದಾಗ ಅವರ ಪ್ರತಿ ಹೆಜ್ಜೆಯ ಕೆಳಗೂ ಒಂದೊಂದು ಸ್ವರವಿತ್ತು. ಅಂದಿನಿಂದ ಚಿತ್ರವಿಲ್ಲದೆ ಕೇಳಿದರೂ ಐದು ಎಳೆಗಳನ್ನು ಬಿಡಿಸಿ ಕೇಳಬಲ್ಲೆ. ಒಂದು ಎಳೆ ನಿಂತು ಇನ್ನೊಂದು ಸೇರಿಕೊಳ್ಳುವ ಗಳಿಗೆಗಾಗಿ ಕಾಯುವುದರಲ್ಲೇ ಈ ಹಾಡಿನ ಸುಖವಿದೆ ಎಂಬುದು ಆಗ ಅರ್ಥವಾಯಿತು.

ಉಳಿದ ವಿಡಿಯೊಗಳೆಲ್ಲ ಹೀಗೆ ಕಿವಿಯನ್ನು ಪಳಗಿಸುವುದಿಲ್ಲ. ಸ್ಪೈಕ್ ಜೋನ್ಸ್ ನಿರ್ದೇಶಿಸಿದ ‘ಡ ಫಂಕ್’ನಲ್ಲಿ ನಾಯಿಮುಖದ ಚಾರ್ಲ್ಸ್ ಊರುಗೋಲು ಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡ ಟೇಪ್‌ರೆಕಾರ್ಡರ್ ಹೊತ್ತು ನ್ಯೂಯಾರ್ಕಿನ ಬೀದಿಗಳಲ್ಲಿ ಅಲೆಯುತ್ತಾನೆ, ಹಾಡು ಹೊಮ್ಮುವುದು ಆ ಟೇಪ್‌ರೆಕಾರ್ಡರಿನಿಂದಲೇ. ಬಾಲ್ಯದ ನೆರೆಮನೆಯ ಗೆಳತಿ ಸಿಕ್ಕಿ ಊಟಕ್ಕೆ ಕರೆದರೂ, ಬಸ್ಸಿನಲ್ಲಿ ರೇಡಿಯೊ ನಿಷಿದ್ಧವೆಂಬ ಫಲಕ ಕಂಡು ಅವನು ಹತ್ತದೆ ಉಳಿದುಬಿಡುತ್ತಾನೆ. ಒಂಟಿತನವನ್ನು ಇಷ್ಟು ಮೆಲ್ಲಗೆ ತೋರಿಸಿದ ಹಾಡಿನ ವಿಡಿಯೊ ನಾನು ಬೇರೆ ಕಂಡಿಲ್ಲ. ಆದರೆ ಮಾತುಕತೆ ಹಾಡಿನ ಮೇಲೆಯೇ ಹರಿಯುವುದರಿಂದ ಸಂಗೀತವು ಬೀದಿಯ ಸದ್ದುಗಳಲ್ಲಿ ಒಂದಾಗಿಬಿಡುತ್ತದೆ. ಹಾಡನ್ನು ಕೇಳಬೇಕೆಂದರೆ ಆಲ್ಬಮ್ಮಿಗೇ ಮರಳಬೇಕು.

‘ಡಿಸ್ಕವರಿ’ಯಲ್ಲಿ ನನ್ನ ಕ್ರಮ ತಿರುಗುಮುರುಗಾಗಿತ್ತು. ಆಲ್ಬಮ್ಮನ್ನು ಪೂರ್ತಿ ಕೇಳುವ ಮೊದಲೇ ನಾನು 2003ರ ‘ಇಂಟರ್‌ಸ್ಟೆಲ್ಲಾ 5555’ ಚಿತ್ರವನ್ನು ನೋಡಿದ್ದೆ. ಜಪಾನಿನ ಕಾಮಿಕ್ಸ್ ಕಲಾವಿದ ಲೇಜಿ ಮಾತ್ಸುಮೊಟೊ ಅವರ ಮೇಲ್ವಿಚಾರಣೆಯಲ್ಲಿ ತೋಯೆ ಅನಿಮೇಷನ್ ಸಂಸ್ಥೆ ತಯಾರಿಸಿದ ಈ ಚಿತ್ರದಲ್ಲಿ ಸಂಭಾಷಣೆಯಿಲ್ಲ; ನೀಲಿ ಮೈಬಣ್ಣದ ನಾಲ್ವರು ಸಂಗೀತಗಾರರನ್ನು ಅವರ ಗ್ರಹದಿಂದ ಅಪಹರಿಸಿ ಭೂಮಿಗೆ ತಂದು ದುಡಿಸಿಕೊಳ್ಳುವ ಕಥೆಯನ್ನು ಹದಿನಾಲ್ಕು ಹಾಡುಗಳೇ ಹೇಳುತ್ತವೆ. ಕೆಲವೆಡೆ ಈ ಹೊಂದಿಕೆ ಬೆರಗು ಹುಟ್ಟಿಸುತ್ತದೆ. ‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ ಹಾಡಿನ ತುಂಡುತುಂಡಾದ ಯಂತ್ರಕಂಠ ಕೇಳಿಬರುತ್ತಿರುವಾಗ, ಆ ನಾಲ್ವರು ಕಾರ್ಖಾನೆಯ ಸಾಲಿನಲ್ಲಿ ಸಾಗುತ್ತ ನೆನಪನ್ನೂ ನೀಲಿ ಬಣ್ಣವನ್ನೂ ಕಳೆದುಕೊಂಡು ಮನುಷ್ಯರ ವೇಷ ತೊಡುತ್ತಾರೆ. ಹುಮ್ಮಸ್ಸಿನ ಹಾಡೆಂದು ಎಲ್ಲರೂ ಕುಣಿಯುವ ಇದರೊಳಗೆ ಇಷ್ಟು ಕ್ರೌರ್ಯ ಅಡಗಿರಬಹುದೆಂದು ಬರಿಯ ಕಿವಿಗೆ ನನಗೆಂದೂ ಹೊಳೆಯುತ್ತಿರಲಿಲ್ಲ.

ಆದರೂ ಏನೋ ಕಳೆದುಹೋಗಿದೆ ಎಂದು ಗೊತ್ತಾದದ್ದು ತಂಗಿಯಿಂದ. ಅವಳಿಗೆ ಚಿತ್ರದ ಸುಳಿವು ಕೊಡದೆ ಆಲ್ಬಮ್ ಮಾತ್ರ ಕೇಳಿಸಿದ್ದೆ. ‘ಸಮ್‌ಥಿಂಗ್ ಅಬೌಟ್ ಅಸ್’ ಮುಗಿದಾಗ ಅವಳು, “ಅಣ್ಣಾ, ಇದು ಕೊನೇ ಬಸ್ಸಿನಲ್ಲಿ ಇಬ್ಬರು ಪಕ್ಕಪಕ್ಕ ಕೂತು, ಹೇಳಬೇಕಾದ್ದನ್ನ ಹೇಳದೇನೇ ಇಳಿದುಹೋದ ಹಾಗಿದೆ” ಎಂದಳು. ನನಗೆ ಆ ಹಾಡೆಂದರೆ, ಆ ನಾಲ್ವರಲ್ಲಿ ಒಬ್ಬಳಾದ ಸ್ಟೆಲ್ಲಾಳನ್ನು ಕಾಪಾಡಲು ಬಂದ ಗಗನಯಾನಿ ಶೆಪ್‌ನ ಸಾವು; ಬೇರೆ ಯಾವ ಚಿತ್ರವೂ ಮೂಡುವುದಿಲ್ಲ. ಹಾಡಿನ ಮಾತುಗಳಲ್ಲಿ ಸಾವಿನ ಸುಳಿವೂ ಇಲ್ಲ ಎಂಬುದನ್ನು ನಾನು ಗಮನಿಸಿದ್ದು ಅವಳ ಮಾತು ಕೇಳಿದ ಮೇಲೆಯೇ.

ಆದ್ದರಿಂದ ‘ಹೋಮ್‌ವರ್ಕ್’ ಕೈಗೆತ್ತಿಕೊಳ್ಳುವವರು ಹೆಡ್‌ಫೋನ್ ಹಾಕಿಕೊಂಡು ಗೊಂಡ್ರಿಯ ವಿಡಿಯೊವನ್ನು ಮೊದಲು ನೋಡಬೇಕೆಂದೂ, ‘ಡಿಸ್ಕವರಿ’ಯನ್ನು ಕೆಲವು ವಾರ ಕಿವಿಗಷ್ಟೇ ಬಿಟ್ಟು ಆಮೇಲೆ ಚಿತ್ರಕ್ಕೆ ಹೋಗಬೇಕೆಂದೂ ನಾನು ಹೇಳುತ್ತೇನೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ನನ್ನ ಆಯ್ಕೆ ‘ಡಿಸ್ಕವರಿ’, ಅದೂ ಆಲ್ಬಮ್ ಮಾತ್ರ. ತಂಗಿ ಒಂದು ತಿಂಗಳಾದ ಮೇಲೆ ಚಿತ್ರವನ್ನು ನೋಡಿದಳು. ಅದರ ಕೊನೆಯಲ್ಲಿ ಕ್ಯಾಮೆರಾ ಒಬ್ಬ ಪುಟ್ಟ ಹುಡುಗನ ಕೋಣೆಗೆ ಬರುತ್ತದೆ. ರೆಕಾರ್ಡ್ ತಿರುಗುತ್ತಿದೆ, ಹುಡುಗ ನಿದ್ದೆಹೋಗಿದ್ದಾನೆ, ನಾವು ಈವರೆಗೆ ಕಂಡದ್ದೆಲ್ಲ ಆ ಹಾಡುಗಳನ್ನು ಕೇಳುತ್ತ ಮಲಗಿದ ಅವನ ಕನಸೇನೋ ಎನ್ನುವಂತೆ. ಅವಳು ಪರದೆಯತ್ತ ಬೆರಳು ತೋರಿಸಿ, “ನೋಡು, ಇವನೂ ಮೊದಲು ಕೇಳಿದ್ದಾನೆ” ಎಂದಳು.