ಈಡನ್ ಕ್ಯಾಂಪ್: ಯುದ್ಧಕೈದಿಗಳು ಕಟ್ಟಿದ ಬಿಡಾರದಲ್ಲಿ ಹೊಲಗದ್ದೆಯ ಕಥೆ

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ, ಮಾಲ್ಟನ್ ಪಟ್ಟಣದ ಹೊರಗಿರುವ ಈಡನ್ ಕ್ಯಾಂಪ್ ವಸ್ತುಸಂಗ್ರಹಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಎರಡನೇ ಮಹಾಯುದ್ಧದ ಟ್ಯಾಂಕು, ಬಾಂಬು, ವಿಮಾನಗಳನ್ನು ನೋಡುವ ಆಸೆಯಿಂದ ಬರುತ್ತಾರೆ. ಅವುಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೂ ಅಲ್ಲಿನ ಅತ್ಯಂತ ಬೆಲೆಯುಳ್ಳ ವಸ್ತು ಗಾಜಿನ ಪೆಟ್ಟಿಗೆಯೊಳಗಿಲ್ಲ, ನಾವು ಹೊಕ್ಕು ಹೊರಡುವ ಆ ತಗ್ಗು ಬ್ಯಾರಕ್‌ಗಳೇ ಅದು ಎಂಬುದು ನನ್ನ ಅಭಿಪ್ರಾಯ. 1942ರಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಡೇರೆಗಳಲ್ಲಿ ಇರಿಸಲಾಗಿದ್ದ ಇಟಲಿಯ ಯುದ್ಧಕೈದಿಗಳೇ ಈ ಬ್ಯಾರಕ್‌ಗಳನ್ನು ಕಟ್ಟಿದರು. 1944ರಿಂದ ಜರ್ಮನ್ ಕೈದಿಗಳು ಇಲ್ಲಿ ವಾಸವಾದರು. ಸರ್ಕಾರದ ಲೆಕ್ಕದಲ್ಲಿ ಇದು 83ನೇ ನಂಬರಿನ ಶಿಬಿರ.

ಒಂದೊಂದು ಬ್ಯಾರಕ್‌ಗೆ ಒಂದೊಂದು ವಿಷಯವನ್ನು ಒದಗಿಸಿ, ಬೊಂಬೆಗಳು, ಧ್ವನಿ, ಬೆಳಕು ಮತ್ತು ವಾಸನೆಗಳ ಮೂಲಕ ಆ ಕಾಲವನ್ನು ಕಣ್ಣಮುಂದೆ ತರುವುದು ಇಲ್ಲಿನ ಕ್ರಮ. ಲಂಡನ್ ಮೇಲಿನ ಬಾಂಬ್ ದಾಳಿಯನ್ನು ತೋರಿಸುವ ಬ್ಯಾರಕ್‌ನಲ್ಲಿ ಹೊಗೆ ಮತ್ತು ಸೈರನ್‌ಗಳ ಅಬ್ಬರವಿರುವುದರಿಂದ ಚಿಕ್ಕ ಮಕ್ಕಳು ಬೆದರಬಹುದು. ಇಡೀ ಮಹಾಯುದ್ಧವನ್ನೇ ಹೇಳಹೊರಟ ಈ ಸಂಗ್ರಹಾಲಯದಲ್ಲಿ ಕೈದಿಗಳ ಪಾಲಿಗೆ ಸಿಕ್ಕ ಜಾಗ ಸ್ವಲ್ಪವೇ. ಹಿಟ್ಲರನ ಏಳಿಗೆಯ ಕಥೆಯನ್ನು ಎಲ್ಲಿ ಬೇಕಾದರೂ ಓದಬಹುದು. ಈ ನೆಲದ ಕಥೆಯನ್ನು ಈ ನೆಲದಲ್ಲೇ ಕೇಳಬೇಕು. ಆದ್ದರಿಂದ ಕೈದಿಗಳ ಬದುಕನ್ನು ಕುರಿತ ಭಾಗವನ್ನು ಕಾಲು ಸೋಲುವ ಮೊದಲೇ ನೋಡಿಬಿಡುವುದು ಒಳ್ಳೆಯದು.

ಆ ಕಥೆಯ ಮೂಲ ಹೊಟ್ಟೆಪಾಡಿನಲ್ಲಿದೆ. ಆಹಾರ ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದಾಗ, ಬ್ರಿಟನ್ ತನ್ನ ಹುಲ್ಲುಗಾವಲುಗಳನ್ನು ಉತ್ತು ಆಲೂಗಡ್ಡೆ, ಗೋಧಿ, ಸಕ್ಕರೆ ಬೀಟ್ ಬೆಳೆಯಬೇಕಾಯಿತು. ಆದರೆ ಹೊಲದ ಆಳುಗಳಲ್ಲಿ ಅನೇಕರು ಸೈನ್ಯ ಸೇರಿದ್ದರು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು 1941ರಿಂದ ಬೇಸಾಯಕ್ಕಾಗಿಯೇ ಹಡಗಿನಲ್ಲಿ ತರಲಾಯಿತು. (ಅದೇ ರಣರಂಗದ ಸಾವಿರಾರು ಕೈದಿಗಳು ಬೆಂಗಳೂರಿನ ಜಾಲಹಳ್ಳಿಯ ಕಡೆಯ ಶಿಬಿರಗಳಿಗೂ ಬಂದಿದ್ದರು ಎಂಬುದನ್ನು ನಮ್ಮವರು ಮರೆತೇಬಿಟ್ಟಿದ್ದಾರೆ.) ಯುದ್ಧಕಾರ್ಯಕ್ಕೆ ನೇರ ಸಂಬಂಧವಿಲ್ಲದ ದುಡಿಮೆಗೆ 1929ರ ಜಿನೀವಾ ಒಪ್ಪಂದದ ಅಡ್ಡಿಯಿರಲಿಲ್ಲ. ರೈತನು ವಾಡಿಕೆಯ ಕೂಲಿಯನ್ನು ಸರ್ಕಾರಕ್ಕೆ ಕಟ್ಟುತ್ತಿದ್ದ. ಕೈದಿಯ ಕೈಗೆ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ, ಅದೂ ಶಿಬಿರದ ಕ್ಯಾಂಟೀನಿನಲ್ಲಷ್ಟೇ ನಡೆಯುವ ಟೋಕನ್‌ಗಳ ರೂಪದಲ್ಲಿ, ಸೇರುತ್ತಿತ್ತು.

ಹಳ್ಳಿಗರ ನೆನಪುಗಳಲ್ಲಿ ಉಳಿದಿರುವುದು ಈ ಲೆಕ್ಕವಲ್ಲ. ಬೆಳಿಗ್ಗೆ ಲಾರಿಯಲ್ಲಿ ಬಂದಿಳಿಯುವ ಗುಂಪು, ಸಮವಸ್ತ್ರದ ಬೆನ್ನಿನ ಮೇಲೆ ಹೊಲಿದ ಬಣ್ಣದ ದುಂಡು ತೇಪೆ, ಬಿಡುವಿನಲ್ಲಿ ಹೆಣೆದ ಬುಟ್ಟಿಗಳು, ಹಗ್ಗದ ಚಪ್ಪಲಿಗಳು ಬ್ರಿಟನ್ನಿನ ಊರೂರಲ್ಲೂ ಮಾತಿಗೆ ಬರುತ್ತವೆ. ಜರ್ಮನ್ ಕೈದಿಗಳು ಮಾಡಿಕೊಟ್ಟ ಮರದ ಕೋಳಿ ಆಟಿಕೆಯನ್ನು ಕೆಲವು ಮನೆಗಳು ಇಂದಿಗೂ ಕಾಪಾಡಿಕೊಂಡಿವೆ: ಹಿಡಿಯಿರುವ ಒಂದು ಹಲಗೆ, ಅದರ ಮೇಲೆ ಸುತ್ತ ನಿಂತ ಕೋಳಿಗಳು, ಕೆಳಗೆ ದಾರದಲ್ಲಿ ತೂಗುವ ಗುಂಡು, ಹಲಗೆಯನ್ನು ಮೆಲ್ಲಗೆ ತಿರುಗಿಸಿದರೆ ಕೋಳಿಗಳು ಸರದಿಯಲ್ಲಿ ಕಾಳು ಕುಕ್ಕುತ್ತವೆ. ಇಟಾಲಿಯನ್ನರು ಹಾಡುತ್ತಾ ಕಾಲ ಕಳೆಯುವವರು, ಜರ್ಮನ್ನರು ದುಡಿಮೆಗಾರರು ಎಂಬ ಮಾತೂ ಈ ನೆನಪುಗಳಲ್ಲಿ ಪದೇಪದೇ ಕೇಳಿಬರುತ್ತದೆ. ಇಟಲಿಯ ಕೈದಿಗಳಲ್ಲಿ ಎಷ್ಟೋ ಮಂದಿ ರೈತರ ಮಕ್ಕಳೇ ಆಗಿದ್ದುದರಿಂದ ಈ ಮಾತನ್ನು ನಾನು ಪೂರ್ತಿ ನಂಬಲಾರೆ.

ಯುದ್ಧ ಮುಗಿದ ಕೂಡಲೇ ಜರ್ಮನ್ನರಿಗೆ ಬಿಡುಗಡೆ ಸಿಗಲಿಲ್ಲವೆಂಬುದು ಎದ್ದುಕಾಣುವ ಸಂಗತಿ. 1948ರವರೆಗೂ ಕೈದಿಗಳು ಬ್ರಿಟನ್ನಿನ ಹೊಲಗಳಲ್ಲಿದ್ದರು. ಸ್ಥಳೀಯರೊಂದಿಗೆ ಬೆರೆಯಬಾರದೆಂಬ ಕಟ್ಟಳೆಯನ್ನು 1946ರ ಡಿಸೆಂಬರ್‌ನಲ್ಲಿ ಸಡಿಲಿಸಿದಾಗ ಅನೇಕ ಕುಟುಂಬಗಳು ಅವರನ್ನು ಕ್ರಿಸ್ಮಸ್ ಊಟಕ್ಕೆ ಕರೆದವು. ಮರುವರ್ಷ ಮದುವೆಗೂ ಅನುಮತಿ ದೊರೆಯಿತು. ಸುಮಾರು 24,000 ಜರ್ಮನ್ನರು ಅಲ್ಲಿಯೇ ನೆಲೆಸಿದರು. ಮುಂದೆ ಮ್ಯಾಂಚೆಸ್ಟರ್ ಸಿಟಿ ತಂಡದ ಗೋಲ್‌ಕೀಪರ್ ಆಗಿ ಹೆಸರಾದ ಬರ್ಟ್ ಟ್ರೌಟ್‌ಮನ್ ಕೂಡ ಹೀಗೆ ಉಳಿದು, ಮೊದಲು ಹೊಲದ ಕೆಲಸ ಮಾಡಿದವರು.

ಈ ಬ್ಯಾರಕ್‌ಗಳು ಉಳಿದದ್ದೂ ಕೈದಿಗಳಿಂದಲೇ. ಆಲೂಗಡ್ಡೆ ಚಿಪ್ಸ್ ಕಾರ್ಖಾನೆ ತೆರೆಯಲೆಂದು ಸ್ಟಾನ್ ಜಾನ್ಸನ್ ಈ ಜಾಗವನ್ನು ಕೊಂಡಿದ್ದರು. ಹಿಂದೆ ಇಲ್ಲಿ ಸೆರೆಯಲ್ಲಿದ್ದ ಮೂವರು ಇಟಾಲಿಯನ್ನರು ಒಮ್ಮೆ ನೋಡಿಹೋಗಲು ಅನುಮತಿ ಕೇಳಿ ಬಂದಾಗ ಜಾನ್ಸನ್ ಅವರಿಗೆ ಸಂಗ್ರಹಾಲಯದ ಯೋಚನೆ ಹೊಳೆಯಿತು. 1987ರಲ್ಲಿ ಅದು ತೆರೆಯಿತು.

ಯಾರ್ಕ್ ಮತ್ತು ಸ್ಕಾರ್‌ಬರೋ ನಡುವಿನ ರೈಲು ಮಾಲ್ಟನ್‌ನಲ್ಲಿ ನಿಲ್ಲುತ್ತದೆ. ಕಾರಿದ್ದರೆ ಇನ್ನೂ ಅನುಕೂಲ. ಬ್ಯಾರಕ್‌ನಿಂದ ಬ್ಯಾರಕ್‌ಗೆ ಬಯಲಿನಲ್ಲೇ ನಡೆಯಬೇಕಾದ್ದರಿಂದ ಮಳೆಗೆ ಸಿದ್ಧರಾಗಿರಬೇಕು, ಅರ್ಧ ದಿನವನ್ನಾದರೂ ತೆಗೆದಿಡಬೇಕು. ಚಳಿಗಾಲದಲ್ಲಿ ಹೋಗುವವರು ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.