ಮಿಲೇನಿಯಮ್ ಫೋರ್ಸಾ, ಸ್ಟೀಲ್ ವೆಂಜನ್ಸಾ? ಎರಡೂ ಹತ್ತಿ ಇಳಿದ ಮೇಲೆ

ಊರಿಂದ ಯಾರಾದ್ರೂ ಅಮೆರಿಕದ ಒಹಾಯೊ ಕಡೆ ಬಂದ್ರೆ, ರೋಲರ್ ಕೋಸ್ಟರ್‌ಗಳಿಗೆ ಹೆಸರಾದ ಸೀಡರ್ ಪಾಯಿಂಟ್ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗೋಣ ಅಂತಾರೆ, ಹೋದ ತಕ್ಷಣ ಕೇಳೋದು ಒಂದೇ, "ಇದ್ರಲ್ಲಿ ಎಲ್ಲದಕ್ಕಿಂತ ಎತ್ತರ ಯಾವ್ದು?" ಹೋದ ಬೇಸಿಗೇಲಿ ನನ್ ಬಾಮೈದನೂ ಅದನ್ನೇ ಕೇಳ್ದ. ಕೊಲಂಬಸ್ಸಿಂದ ಎರಡು ಗಂಟೆ ಡ್ರೈವ್ ಪೂರ್ತಿ ಅವ್ನಿಗೆ ತಿಳಿ ಹೇಳಿದ್ದೇ ಆಯ್ತು, ಎತ್ತರ ನೋಡಿ ಕೋಸ್ಟರ್ ಆರಿಸ್ಬೇಡ ಮಾರಾಯ ಅಂತ. ಅವನು ನಂಬ್ಲಿಲ್ಲ, ಆಮೇಲೆ ಸ್ಟೀಲ್ ವೆಂಜನ್ಸ್ ಅನ್ನೋ ಕೋಸ್ಟರ್ ಇಳಿಯೋವಾಗ ರೇಲಿಂಗ್ ಹಿಡ್ಕೊಂಡು ಮೆಟ್ಟಿಲು ಇಳಿದ.

ಮೊದ್ಲು ಮಿಲೇನಿಯಮ್ ಫೋರ್ಸ್. 2000ನೇ ಇಸವೀಲಿ ಓಪನ್ ಆಗಿದ್ದು, ಇಂಟಮಿನ್ ಕಂಪನಿದು, 310 ಅಡಿ ಎತ್ತರ. ಮುರುಡೇಶ್ವರದ ರಾಜಗೋಪುರ 237 ಅಡಿ ಅಂತಾರಲ್ಲ, ಅದ್ರ ತುದೀಲಿ ನಿಂತು ಮೇಲೆ ನೋಡಿದ್ರೂ ಇನ್ನೂ ಏಳು ಮಹಡಿಯಷ್ಟು ಬಾಕಿ ಇರತ್ತೆ. ಮೇಲಕ್ಕೆ ಎಳೆಯೋದು ಟಕ ಟಕ ಅನ್ನೋ ಚೈನಲ್ಲ, ಕೇಬಲ್ಲು, ಹಾಗಾಗಿ ಸದ್ದಿಲ್ದೆ ಲಿಫ್ಟಲ್ಲಿ ಹೋದ ಹಾಗೆ ಸರ್ರಂತ ಹತ್ತಿಬಿಡತ್ತೆ, ಭಯ ಪಡಕ್ಕೂ ಟೈಮ್ ಕೊಡಲ್ಲ. ಬಲಗಡೆ ಎಡಗಡೆ ಎಲ್ಲಾ ಎರೀ ಸರೋವರ, ಸಮುದ್ರ ಅಂದ್ರೂ ನಂಬ್ಬೇಕು. ಆಮೇಲೆ 80 ಡಿಗ್ರೀಲಿ 300 ಅಡಿ ಕೆಳಗೆ. ಪಿಯುಸಿ ಫಿಸಿಕ್ಸ್ ನೆನಪಿರೋರು ಲೆಕ್ಕ ಹಾಕಿ ನೋಡಿ, 300 ಅಡಿಯಿಂದ ಯಾವ ತಡೆನೂ ಇಲ್ದೆ ಬಿದ್ರೆ ಗಂಟೆಗೆ 152 ಕಿಲೋಮೀಟರ್ ಹತ್ರ ಬರತ್ತೆ, ಈ ರೈಲು ಓಡೋದು 150. ಅಂದ್ರೆ ಎತ್ತರ ಕೊಟ್ಟಿದ್ದನ್ನ ಹೆಚ್ಚುಕಮ್ಮಿ ಪೂರ್ತಿ ಸ್ಪೀಡಾಗಿ ವಸೂಲಿ ಮಾಡ್ಕೊಂಡಿದೆ.

ಆ ಇಳಿಜಾರಿನ ಬುಡದಲ್ಲಿ ಹಳಿ ಮೇಲಕ್ಕೆ ತಿರುಗೋ ಜಾಗ ಇದೆ ನೋಡಿ, ಅಲ್ಲಿ ಗಲ್ಲ ಕೆಳಗೆ ಜೋತು ಬೀಳತ್ತೆ, ಕೈ ಎತ್ತಿದ್ರೆ ತಾನಾಗೇ ತೊಡೆ ಮೇಲೆ ಬಂದು ಕೂರತ್ತೆ. ನಾನು ಒಂದ್ಸಲ ಬೆಳಿಗ್ಗೆ ನೀರೂ ಕುಡೀದೆ ಬರೀ ಕಾಫಿ ಮೇಲೆ ಹತ್ತಿದ್ದೆ, ಬುದ್ಧಿ ಇಲ್ದೆ, ಕಣ್ಣಂಚೆಲ್ಲ ಮಬ್ಬಾಗಿ ಮಧ್ಯದಲ್ಲಿ ಮಾತ್ರ ಒಂದು ರೌಂಡು ಕಾಣ್ತಿತ್ತು, ಹಳೇ ಟಿವಿ ಆಫ್ ಮಾಡಿದ ಹಾಗೆ. ರಕ್ತ ತಲೆಯಿಂದ ಕಾಲಿನ ಕಡೆ ಇಳಿದಾಗ ಹಿಂಗಾಗತ್ತೆ, ಗ್ರೇಔಟ್ ಅಂತಾರೆ, ಒಂದೆರಡು ಸೆಕೆಂಡಲ್ಲಿ ಸರಿಹೋಯ್ತು.

ಆದ್ರೆ ಅದಾದ್ಮೇಲೆ? ಅದಾದ್ಮೇಲೆ ಅದೊಂದು ರಾಜ ಮರ್ಯಾದೆ ಸವಾರಿ. ನಡುವೆ ಇರೋ ದ್ವೀಪಕ್ಕೆ ಹೋಗಿ ಸುತ್ತಾಡ್ಕೊಂಡು ಬರತ್ತೆ, ತಿರುವಲ್ಲಿ 122 ಡಿಗ್ರಿವರೆಗೂ ವಾಲತ್ತೆ, ಅಂದ್ರೆ ಪಕ್ಕಕ್ಕೆ ಮಲಗೋದನ್ನೂ ದಾಟಿ ಅರೆಬರೆ ತಲೆಕೆಳಗು, ಆದ್ರೂ ತಲೆ ಎಲ್ಲೂ ಬಡಿಯಲ್ಲ, ಹೆಗಲ ಮೇಲೆ ಏನೂ ಇಲ್ಲ, ತೊಡೆ ಮೇಲೆ ಒಂದು ಬಾರ್ ಅಷ್ಟೆ. ಇದ್ರ ಲೆಕ್ಕಾಚಾರದ ಹಿಂದೆ ವೆರ್ನರ್ ಸ್ಟೆಂಗೆಲ್ ಇದಾರೆ, ಕೋಸ್ಟರ್ ಹುಚ್ಚು ಇರೋರಿಗೆ ಈ ಜರ್ಮನ್ ಇಂಜಿನಿಯರ್ ಅಂದ್ರೆ ಗುರುಗಳು.

ಇನ್ನು ಸ್ಟೀಲ್ ವೆಂಜನ್ಸ್. 205 ಅಡಿ, 119 ಕಿಲೋಮೀಟರ್ ಸ್ಪೀಡು. ಕಾಗದದ ಮೇಲೆ ಇದು ಮಿಲೇನಿಯಮ್ ಫೋರ್ಸ್‌ನ ತಮ್ಮನೂ ಅಲ್ಲ. 1991ರಲ್ಲಿ ಮೀನ್ ಸ್ಟ್ರೀಕ್ ಅಂತ ಒಂದು ದೊಡ್ಡ ಮರದ ಕೋಸ್ಟರ್ ಕಟ್ಟಿದ್ರು, ಅದನ್ನ ನಿಲ್ಲಿಸಿದ್ಮೇಲೆ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಅನ್ನೋ ಕಂಪನಿ ಬಂದು ಅದೇ ಮರದ ಅಟ್ಟಣೆ ಉಪಯೋಗಿಸ್ಕೊಂಡು ಮೇಲೆ ಉಕ್ಕಿನ ಹಳಿ ಹಾಕಿ 2018ರಲ್ಲಿ ಇದನ್ನ ಬಿಟ್ರು, ಅದಕ್ಕೇ ಹೈಬ್ರಿಡ್ ಅನ್ನೋದು. ಮರಕ್ಕೆ ಮರದ ಹಳಿ ಹಾಕಿದ್ರೆ ಇಷ್ಟು ತಿರುಚಕ್ಕಾಗಲ್ಲ. ಇಲ್ಲಿ 90 ಡಿಗ್ರಿ ನೇರ ಬೀಳು, ನಾಲ್ಕು ಸಲ ತಲೆಕೆಳಗು, ಪಾರ್ಕ್‌ನವ್ರು ಹೇಳ್ಕೊಳ್ಳೋ ಪ್ರಕಾರ 27.2 ಸೆಕೆಂಡ್ ಏರ್‌ಟೈಮ್.

ಏರ್‌ಟೈಮ್ ಅಂದ್ರೆ ನಮಗೇನೂ ಹೊಸದಲ್ಲ ಬಿಡಿ. ಕೆಂಪು ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತಿರ್ತೀರ, ಡ್ರೈವರ್ ಹಂಪ್ ನೋಡದೆ ಹಾರಿಸ್ತಾನೆ, ಕೂತಲ್ಲಿಂದ ಅರ್ಧ ಅಡಿ ಎದ್ದು ಧಪ್ ಅಂತ ಬೀಳ್ತೀರಲ್ಲ, ಎದ್ದಿದ್ರಲ್ಲ, ಅದೇ ಏರ್‌ಟೈಮ್. ಒಂದು ಕಲ್ಲನ್ನ ಓರೆಯಾಗಿ ಮೇಲಕ್ಕೆ ಎಸೆದ್ರೆ ಅದು ಬಿಲ್ಲಿನ ಹಾಗೆ ಒಂದು ದಾರಿ ಹಿಡಿಯತ್ತೆ, ಹಳಿಯ ಗುಡ್ಡ ಆ ಸ್ಪೀಡಿಗೆ ಸರಿಯಾಗಿ ಅದೇ ಆಕಾರದಲ್ಲಿದ್ರೆ ನಾವು ಸೀಟ್ ಮೇಲೆ ಹಗುರಾಗಿ ತೇಲ್ತೀವಿ, ಅದು ಫ್ಲೋಟರ್. ಹಳಿ ಅದಕ್ಕಿಂತ ಬೇಗ ಕೆಳಗೆ ಬಾಗಿಬಿಟ್ರೆ ನಮ್ ಮೈ ಇನ್ನೂ ಮೇಲಕ್ಕೆ ಹೊರಟಿರತ್ತೆ, ಸೀಟು ಆಗ್ಲೇ ಕೈಬಿಟ್ಟು ಇಳಿದು ಹೋಗಿರತ್ತೆ, ಆಗ ತೊಡೆ ಮೇಲಿನ ಬಾರೇ ನಮ್ಮನ್ನ ಕೆಳಗೆ ಎಳ್ಕೊಂಡು ಹೋಗ್ಬೇಕು, ಅದು ಇಜೆಕ್ಟರ್. ಮಿಲೇನಿಯಮ್ ಫೋರ್ಸ್ ಗುಡ್ಡಗಳಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ಮೊದಲನೇದು, ಸ್ಟೀಲ್ ವೆಂಜನ್ಸ್‌ನಲ್ಲಿ ಸಾಲಾಗಿ ಎರಡನೇದು. ಅದೂ ಪಕ್ಕಕ್ಕೆ ವಾಲಿರೋ ಗುಡ್ಡಗಳಲ್ಲಿ ಸೀಟಿಂದ ಎದ್ದು ಹೊರಗಡೆಗೆ ಎಸೆಯೋ ಹಾಗೆ. ಉಸಿರು ಎಳ್ಕೊಳೋಣ ಅಂದ್ರೆ ಇನ್ನೊಂದು ಗುಡ್ಡ ರೆಡಿ, ದ್ವಿತೀಯಾರ್ಧ ಪೂರ್ತಿ ಆ ಮರದ ಕಂಬಗಳ ಒಳಗೇ ನುಗ್ಗತ್ತೆ, ಕಂಬ ತಲೆಗೆ ಬಡಿಯತ್ತೆ ಅನ್ಸಿ ಎತ್ತಿದ ಕೈ ತಾನಾಗೇ ಒಳಗೆ ಬರತ್ತೆ (ಬಡಿಯಲ್ಲ, ಜಾಗ ಅಳತೆ ಮಾಡೇ ಬಿಟ್ಟಿರ್ತಾರೆ, ಆದ್ರೆ ಕೈಗೆ ಅದು ಗೊತ್ತಿಲ್ವಲ್ಲ).

ಎತ್ತರ ಲೆಕ್ಕಕ್ಕಿಲ್ಲ ಅನ್ನಕ್ಕೆ ಅದೇ ಪಾರ್ಕಲ್ಲಿ ಇನ್ನೊಂದು ಸಾಕ್ಷಿ ಇದೆ, ಮ್ಯಾವರಿಕ್. ಬರೀ 105 ಅಡಿ. 2007ರಲ್ಲಿ ಓಪನ್ ಮಾಡೋಕೆ ಮುಂಚೆ ಟೆಸ್ಟಿಂಗ್‌ನಲ್ಲೇ ಒಂದು ಹಾರ್ಟ್‌ಲೈನ್ ರೋಲಿನ (ಎದೆ ಮಟ್ಟದ ಗೆರೆ ಸುತ್ತ ಮೈಯನ್ನ ಪೂರ್ತಿ ಒಂದು ಸುತ್ತು ಹೊರಳಿಸೋ ತಿರುವು) ಹೊಡೆತ ಜಾಸ್ತಿ ಆಯ್ತು ಅಂತ ಆ ತುಂಡು ಹಳೀನೇ ಕಿತ್ತಾಕಿ ಓಪನಿಂಗ್ ಮುಂದೂಡಿದ್ರು. 105 ಅಡಿದು ಕಣ್ರೀ!

ಸೀಟಿನ ವಿಷ್ಯ. ಮಿಲೇನಿಯಮ್ ಫೋರ್ಸ್‌ಗೆ ಮುಂದಿನ ಸೀಟೇ, ಕ್ಯೂ ಎಷ್ಟೇ ಇರ್ಲಿ, ಆ ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಬರ್ಬೇಕು, ಇಲ್ದಿದ್ರೆ ಅರ್ಧ ದುಡ್ಡು ದಂಡ. ಸ್ಟೀಲ್ ವೆಂಜನ್ಸ್‌ಗೆ ಹಿಂದಿನ ಸೀಟು, ಯಾಕಂದ್ರೆ ಕೊನೇ ಬೋಗಿ ತುದಿ ದಾಟೋ ಹೊತ್ತಿಗೆ ಮುಂದಿನವೆಲ್ಲ ಆಗ್ಲೇ ಕೆಳಗೆ ಧುಮುಕಿರ್ತವೆ, ನಮ್ಮನ್ನ ಅವು ಬಾವಿ ಹಗ್ಗದ ಥರ ಎಳ್ಕೊಂಡು ಬಿಡ್ತವೆ. ಬಾಮೈದನ್ನ ಬೇಕಂತ್ಲೇ ಅಲ್ಲೇ ಕೂರಿಸಿದ್ದೆ, ಮೊದಲ ಇಳಿತದಲ್ಲಿ ಅವನ ಬಾಯಿಂದ ಬಂದಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ.

ನನ್ ಮಟ್ಟಿಗೆ ಜೋರು ಯಾವ್ದು ಅಂದ್ರೆ ಸ್ಟೀಲ್ ವೆಂಜನ್ಸ್, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ದಿನಕ್ಕೆ ಎರಡು ಸಲ, ಮೂರನೇ ಸಲಕ್ಕೆ ತೊಡೆ ಬೇಡ ಅನ್ನತ್ತೆ. ಮಿಲೇನಿಯಮ್ ಫೋರ್ಸ್ ಬೇಕಾದ್ರೆ ಐದು ಸಲ ಹತ್ತಿ ಬಂದು ಚಿತ್ರಾನ್ನ ತಿಂತೀನಿ. ಮೊದಲ ಸಲ ಕೋಸ್ಟರ್ ಹತ್ತೋರಿಗೆ, ಇಲ್ಲಾ ಅಪ್ಪ ಅಮ್ಮನ ವಯಸ್ಸಿನೋರು ಆರೋಗ್ಯ ಗಟ್ಟಿ ಇದ್ದು ಆಸೆ ಪಟ್ರೆ, 310 ಅಡಿಯದ್ದೇ ಇರ್ಲಿ ಅಂತೀನಿ, ಕೇಳೋರು ನನ್ನ ಹುಚ್ಚ ಅಂದ್ಕೋತಾರೆ, ಅಂದ್ಕೊಳ್ಲಿ.

ಹೋಗೋದಾದ್ರೆ ಗೇಟ್ ತೆಗೆದ ತಕ್ಷಣ ಹಿಂದಕ್ಕೆ ನಡೆದು ಸ್ಟೀಲ್ ವೆಂಜನ್ಸ್ ಮುಗಿಸಿ, ಮಧ್ಯಾಹ್ನಕ್ಕೆ ಅಲ್ಲಿ ಕ್ಯೂ ಬೆಳೆಯತ್ತೆ, ಒಂದೂವರೆ ಗಂಟೆ ಬಿಸಿಲಲ್ಲಿ ನಿಂತಿದೀನಿ. ಮಿಲೇನಿಯಮ್ ಫೋರ್ಸ್ ಕತ್ತಲಾಗೋವರೆಗೂ ಮುಟ್ಬೇಡಿ. ದ್ವೀಪದ ಕಡೆ ಹೋದಾಗ ಹಳಿ ಕಾಣಲ್ಲ, ಸೊಳ್ಳೆ ಹುಳ ಎಲ್ಲಾ ಮುಖಕ್ಕೆ ಹೊಡೀತವೆ, ಬಾಯಿ ಮಾತ್ರ ಮುಚ್ಕೊಂಡಿರಿ.